ದಪ್ಪವಾದ ಹೃದಯ, ಬಿಗಿಯಾದ ಹೃದಯ
ವರ್ಷಗಟ್ಟಲೆ ಬಿ.ಪಿ. ಹೆಚ್ಚಿದ್ದವರ ಎಕೋ ರಿಪೋರ್ಟಿನಲ್ಲಿ ‘ಎಲ್‌ವಿಎಚ್’ ಎಂಬ ಅಕ್ಷರಗಳಿರುವುದುಂಟು. ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗಿದೆ ಎಂದರ್ಥ. ಒಂದು ಸೆಂಟಿಮೀಟರಿನೊಳಗೆ ಇರಬೇಕಾದದ್ದು 12–13 ಮಿ.ಮೀ. ಮುಟ್ಟಿರುತ್ತದೆ. ಗರಡಿಯಲ್ಲಿ ಸಾಮು ಮಾಡಿದ ತೋಳಿನಂತೆ ಸ್ನಾಯು ಬೆಳೆದಿದೆ ಎಂದುಕೊಂಡರೆ ಅರ್ಧವಷ್ಟೇ ಸರಿ. ಪೈಲ್ವಾನನ ತೋಳಿನಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿಕೊಳ್ಳುವುದಿಲ್ಲ, ಇಲ್ಲಿ ತುಂಬಿಕೊಳ್ಳುತ್ತದೆ. ಬಿಗಿಯಾದ ಕೋಣೆ ಸರಿಯಾಗಿ ಸಡಿಲಗೊಳ್ಳದು. ಪಂಪ್ ಮಾಡುವ ಶಕ್ತಿ ಚೆನ್ನಾಗಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು.

ಈ ನಾರು ಒತ್ತಡದ್ದೋ, ಹಾರ್ಮೋನಿನದ್ದೋ? 1990ರ ಸುಮಾರಿಗೆ ಅಮೆರಿಕದಲ್ಲಿ ಇಲಿಗಳ ಒಂದು ಮೂತ್ರಪಿಂಡ ತೆಗೆದು, ಉಪ್ಪು ಹೆಚ್ಚು ಕೊಟ್ಟು, ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಹರಿಸಿದರು. ಎಡಗೋಣೆಯಲ್ಲಿ ನಾರು ಬೆಳೆಯಿತು. ಒತ್ತಡವೇ ಏರದ ಬಲಗೋಣೆಯಲ್ಲೂ ಬೆಳೆಯಿತು! ಈ ಹಾರ್ಮೋನು ಕೋಶದಲ್ಲಿ ಅಂಟಿಕೊಳ್ಳುವ ಜಾಗಕ್ಕೆ, ಅಂದರೆ ಗ್ರಾಹಕಕ್ಕೆ, ಅಡ್ಡ ಕೂರುವ ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧವನ್ನು ಬಿ.ಪಿ. ಇಳಿಯದಷ್ಟು ಸಣ್ಣ ಪ್ರಮಾಣದಲ್ಲಿ ಕೊಟ್ಟರೂ ನಾರು ತಡೆಯಿತು. ಉಪ್ಪು ಕಡಿಮೆಯಿದ್ದಾಗ ಅದೇ ಹಾರ್ಮೋನು ಇಂಥ ಹಾನಿ ಮಾಡಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಕೊನೆಯ ಫಲಿತಾಂಶ.

ಆಲ್ಡೋಸ್ಟಿರೋನ್ ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಲ್ಲಿ ಹುಟ್ಟುತ್ತದೆ. ಸೋಡಿಯಂ ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುವುದು ಅದರ ಕೆಲಸ. ಅದರ ಗ್ರಾಹಕಕ್ಕೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೂಡ ಅಷ್ಟೇ ಬಿಗಿಯಾಗಿ ಅಂಟುತ್ತದೆ, ರಕ್ತದಲ್ಲಿ ಅದು ನೂರಾರು ಪಟ್ಟು ಹೆಚ್ಚೂ ಇದೆ. ಮೂತ್ರಪಿಂಡದಲ್ಲಿ ಒಂದು ಕಿಣ್ವ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸಿ ದಾರಿ ಬಿಡಿಸುತ್ತದೆ. ಜ್ಯೇಷ್ಠಮಧು ಕಟ್ಟಿಹಾಕುವುದು ಈ ಕಿಣ್ವವನ್ನೇ. ಕೆಮ್ಮಿಗೆ ಒಂದೆರಡು ದಿನ ಚಪ್ಪರಿಸುವ ಮಾತು ಬೇರೆ, ವಾರಗಟ್ಟಲೆ ಹೆಚ್ಚು ತಿಂದರೆ ಬಿ.ಪಿ. ಏರಿ ಪೊಟ್ಯಾಸಿಯಂ ಕುಸಿಯಬಹುದು. ಹೃದಯದ ಸ್ನಾಯುಕೋಶದಲ್ಲಿ ಈ ಕಿಣ್ವದ ಕಾವಲು ಬಹಳ ತೆಳು.

1999ರಲ್ಲಿ ಪ್ರಕಟವಾದ ‘ರೇಲ್ಸ್’ ಅಧ್ಯಯನದಲ್ಲಿ ತೀವ್ರ ಹೃದಯ ವೈಫಲ್ಯದ 1663 ರೋಗಿಗಳಿದ್ದರು. ದಿನಕ್ಕೆ 25 ಮಿ.ಗ್ರಾಂ. ಆಸುಪಾಸು ಸ್ಪೈರೊನೊಲ್ಯಾಕ್ಟೋನ್ ಸೇರಿಸಿದ್ದಕ್ಕೆ ಸಾವಿನ ಅಪಾಯ ಶೇ. 30ರಷ್ಟು ಇಳಿಯಿತು. ಆದರೆ ಈ ಮಾತ್ರೆ ಗಂಡು ಹಾರ್ಮೋನಿನ ಗ್ರಾಹಕಕ್ಕೂ ಅಂಟುವುದರಿಂದ, ಸುಮಾರು ಹತ್ತು ಗಂಡಸರಲ್ಲಿ ಒಬ್ಬರಿಗೆ ಸ್ತನ ಊದಿಕೊಂಡಿತು ಅಥವಾ ಅಲ್ಲಿ ನೋವು ಬಂತು. ಅದೇ ಬಗೆಯ ಇನ್ನೊಂದು ಮಾತ್ರೆ ಎಪ್ಲೆರೆನೋನ್‌ನಲ್ಲಿ ಆ ಕಾಟ ಕಡಿಮೆ.

ಹೆಚ್ಚಿನ ಅಪಾಯ ಪೊಟ್ಯಾಸಿಯಂನದು: ಆಲ್ಡೋಸ್ಟಿರೋನಿಗೆ ಅಡ್ಡ ಕೂತರೆ ಅದು ಹೊರಹೋಗದೆ ರಕ್ತದಲ್ಲಿ ಏರುತ್ತದೆ. ರಕ್ತದಲ್ಲಿ ಅದು ಲೀಟರಿಗೆ 5.0 ಮಿಲಿಮೋಲ್ ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ಈ ಮಾತ್ರೆ ಶುರುಮಾಡುವುದಿಲ್ಲ. ಶುರುಮಾಡಿದರೆ ಒಂದು ವಾರದ ನಂತರ, ಮತ್ತೆ ತಿಂಗಳ ನಂತರ ಅದನ್ನು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಅಳೆಯುವ ಪರೀಕ್ಷೆ) ಜೊತೆ ನೋಡುತ್ತಾರೆ. ರಾಮಿಪ್ರಿಲ್, ಲೋಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳು ಕೂಡ ಪೊಟ್ಯಾಸಿಯಂ ಏರಿಸುವವೇ. ದಿನಾ ಕುಡಿಯುವ ಎಳನೀರಿನಲ್ಲೂ ಅದು ಧಾರಾಳ. ಬಿ.ಪಿ.ಗೆ ಒಳ್ಳೆಯದೆಂದು ತಂದ ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣ ತಿರುಗಿಸಿ ನೋಡಿ: ಸೋಡಿಯಂ ಬಿಟ್ಟುಕೊಟ್ಟ ಜಾಗ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡ್.