ಹದಿನಾರು ಜನರ ವಾಲ್ಟ್ಸ್, ಎರಡು ಸಂಸ್ಥೆಗಳ ಹಗ್ಗಜಗ್ಗಾಟ

ಬಾಲ್‌ರೂಂ ನೃತ್ಯ ಅಂದರೆ ಒಂದು ಜೋಡಿ ಕುಣಿಯುವುದು ಅಂತಲೇ ಹೆಚ್ಚಿನವರ ಎಣಿಕೆ. ಆರರಿಂದ ಎಂಟು ಜೋಡಿಗಳು ಒಂದೇ ತಂಡವಾಗಿ ಕುಣಿದರೆ ಅದು ಫಾರ್ಮೇಶನ್. ಇದು ನೃತ್ಯವೋ, ಕ್ರೀಡೆಯೋ? ಯಾರ ಕೈಯಲ್ಲಿರಬೇಕು? ವಾದ ಇನ್ನೂ ಮುಗಿದಿಲ್ಲ.

ವಾಲ್ಟ್ಸ್ 19ನೇ ಶತಮಾನದಲ್ಲೇ ಯುರೋಪನ್ನು ಸುತ್ತಿತ್ತು. ಟ್ಯಾಂಗೋ ಅರ್ಜೆಂಟೀನಾದಿಂದ, ಫಾಕ್ಸ್‌ಟ್ರಾಟ್ ಅಮೆರಿಕದಿಂದ ಬಂದವು. 1920ರ ದಶಕದಲ್ಲಿ ಲಂಡನ್ನಿನ ಶಿಕ್ಷಕರು ಹೆಜ್ಜೆಗಳಿಗೆ ಲೆಕ್ಕ ಹಾಕಿಟ್ಟರು. ಇವತ್ತಿನ ಅಂತರರಾಷ್ಟ್ರೀಯ ಶೈಲಿ ಬೆಳೆದದ್ದು ಆ ಲೆಕ್ಕದ ಮೇಲೆ. ವಾಲ್ಟ್ಸ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಸೇರಿ ಸ್ಟ್ಯಾಂಡರ್ಡ್ ವಿಭಾಗ. ಸಾಂಬಾ, ಚಾ-ಚಾ-ಚಾ, ರುಂಬಾ, ಪಾಸೋ ಡೋಬ್ಲೆ, ಜೈವ್ ಸೇರಿ ಲ್ಯಾಟಿನ್. ಅಮೆರಿಕದವರದು ಬೇರೆಯೇ ದಾರಿ: ಸ್ಮೂತ್ ಮತ್ತು ರಿದಮ್. ಸ್ಟ್ಯಾಂಡರ್ಡ್‌ನಲ್ಲಿ ಜೋಡಿ ಹಿಡಿತ ಬಿಡುವಂತಿಲ್ಲ, ಸ್ಮೂತ್‌ನಲ್ಲಿ ಬಿಡಬಹುದು.

ಫಾರ್ಮೇಶನ್ ಶುರುವಾದದ್ದು 1932ರಲ್ಲಿ. ಲಂಡನ್ನಿನ ಅಸ್ಟೋರಿಯಾ ಬಾಲ್‌ರೂಮಿನಲ್ಲಿ ಆಲಿವ್ ರಿಪ್‌ಮನ್ ಅದನ್ನು ಪರಿಚಯಿಸಿದರು. ಮುಂದೆ ಬಿಬಿಸಿಯಿಂದಾಗಿ ಮನೆಮನೆಗೆ ಬಂತು. ಆದರೆ ಅದು ಗಟ್ಟಿಯಾಗಿ ಬೇರೂರಿದ್ದು ಜರ್ಮನಿಯ ಕ್ಲಬ್ಬುಗಳಲ್ಲಿ. ಅಲ್ಲಿ ಫಾರ್ಮೇಶನ್‌ಗೂ ಬುಂಡೆಸ್‌ಲೀಗಾ (ರಾಷ್ಟ್ರೀಯ ಲೀಗ್) ಇದೆ, ಗೆದ್ದವರಿಗೆ ಬಡ್ತಿ, ಸೋತವರಿಗೆ ಹಿಂಬಡ್ತಿ. ಬ್ರೆಮೆನ್ನಿನ ಗ್ರೂನ್-ಗೋಲ್ಡ್ ಕ್ಲಬ್ ಲ್ಯಾಟಿನ್‌ನಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್.

ನನ್ನ ಲೆಕ್ಕದಲ್ಲಿ ಬಾಲ್‌ರೂಮಿನ ಕಷ್ಟದ ಕೆಲಸ ಇದೇ. ಜೋಡಿಗಳ ಸ್ಪರ್ಧೆಯಲ್ಲಿ ಯಾವ ಹಾಡು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಒಂದು ಹೆಜ್ಜೆ ತಪ್ಪಿದರೆ ಇನ್ನೊಂದಕ್ಕೆ ಜಾರಿಕೊಳ್ಳಬಹುದು. ಫಾರ್ಮೇಶನ್‌ನಲ್ಲಿ ಸಂಗೀತವನ್ನು ಕುಣಿಯುವ ತಂಡವೇ ಆರಿಸುತ್ತದೆ, ಪ್ರತಿ ತಾಳಕ್ಕೂ ಜಾಗ ನಿಗದಿ. ಕರ್ಣರೇಖೆಯಲ್ಲಿ ನಿಂತ ಎಂಟು ಜೋಡಿಗಳಲ್ಲಿ ಒಂದು ಅರ್ಧ ಹೆಜ್ಜೆ ಹಿಂದೆ ಬಿದ್ದರೂ ಸಾಲು ಡೊಂಕಾಗುತ್ತದೆ. ಎತ್ತರದಲ್ಲಿ ಕೂತ ತೀರ್ಪುಗಾರರಿಗೆ ಅದು ಕಾಣದೇ ಇರುತ್ತದಾ? ಒಳಬರುವುದು, ಹೊರಹೋಗುವುದು ಸೇರಿ ಆರೇ ನಿಮಿಷ. ಸಂಗಾತಿಯನ್ನು ಎತ್ತಿ ಚಪ್ಪಾಳೆ ಗಿಟ್ಟಿಸೋಣ ಅಂದರೆ, ಅದಕ್ಕೂ ನಿಷೇಧ.

ಇನ್ನು ಆಡಳಿತ. ವೃತ್ತಿಪರರ ಅಂತರರಾಷ್ಟ್ರೀಯ ಸಂಸ್ಥೆ 1950ರಲ್ಲಿ, ಹವ್ಯಾಸಿಗಳದ್ದು 1957ರಲ್ಲಿ ಹುಟ್ಟಿತು. ಎರಡನೆಯದು ಕ್ರೀಡೆಯ ಕಡೆ ವಾಲಿತು, 1997ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆ ಪಡೆಯಿತು. ಆಮೇಲೆ ಅದು ವೃತ್ತಿಪರರ ಸ್ಪರ್ಧೆಗಳನ್ನೂ ನಡೆಸತೊಡಗಿತು, ಬಿರುಕು ದೊಡ್ಡದಾಯಿತು. ಎರಡೂ ಕಡೆ 'ವಿಶ್ವ ಚಾಂಪಿಯನ್' ಇದ್ದಾರೆ. ಎರಡೂ ಕಡೆ ಕಾರಣಗಳೂ ಇವೆ, ಇಲ್ಲ ಅನ್ನಲಾರೆ. ಆದರೆ ಯಾವ ಸ್ಪರ್ಧೆಗೆ ಹೋದರೆ ಯಾರು ಮುನಿಯುತ್ತಾರೆ ಅಂತ ಕುಣಿಯುವವರು ಯಾಕೆ ಲೆಕ್ಕ ಹಾಕಬೇಕು?

ಒಲಿಂಪಿಕ್ಸ್ ಅಂತೂ ಬಂತು, ಬಾಲ್‌ರೂಮಿಗಲ್ಲ. 2024ರಲ್ಲಿ ಹವ್ಯಾಸಿಗಳದ್ದಾಗಿ ಹುಟ್ಟಿದ ಅದೇ ಸಂಸ್ಥೆಯ ಮೂಲಕ ಪ್ಯಾರಿಸ್‌ಗೆ ಹೋದದ್ದು ಬ್ರೇಕಿಂಗ್, ಅಂದರೆ ಬ್ರೇಕ್ ಡ್ಯಾನ್ಸ್. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಅದೂ ಇಲ್ಲ.