ಮರುಭೂಮಿಯೊಳಗ ಕೆಂಪು ಎಲಿ ಎಲ್ಲಿಂದ ಬರ್ತಾವ್ರಿ?

ಸಿರುಗುಪ್ಪದ ಅಕ್ಕಾರೊಬ್ಬರು ಕೇಳ್ಯಾರ: "ಮಗಳು ಡಲ್ಲಾಸ್‌ನಾಗ ಅದಾಳ, ದೀಪಾವಳಿಗೆ ನಾವಿಬ್ರೂ ಹೊಂಟೀವಿ. ಅಳಿಯಂದ್ರು ಗ್ವಾಡಲೂಪ್ ಬೆಟ್ಟದ ಕಣಿವ್ಯಾಗ ಎಲಿ ಕೆಂಪಾಗಿದ್ದು ತೋರಸ್ತೀನಿ ಅಂತಾರ. ಅದು ಮರುಭೂಮಿ ಅಲ್ರೀ, ಅಲ್ಲಿ ಎಂಥಾ ಎಲಿ? ನನಗ ನಡ್ಯಾಕ ಆಗ್ತೈತಾ?"

ಅಕ್ಕಾರ, ಹೋಗ್ರಿ, ಬಿಡಬ್ಯಾಡ್ರಿ. ಅದು ಮೆಕಿಟ್ರಿಕ್ ಕಣಿವಿ, ಟೆಕ್ಸಾಸ್‌ನ ಪಶ್ಚಿಮದ ಕಡೆ, ಚಿವಾವಾ ಮರುಭೂಮಿಯೊಳಗ. ನಾನು ಹೋದಾಗ ಮೊದಲ ಅರ್ಧ ತಾಸು ನನಗೂ ಹಿಂಗ ಅನಿಸಿತ್ತು, ಎಲ್ಲಿ ನೋಡಿದ್ರೂ ಪಾಪಾಸಕಳ್ಳಿ, ಕತ್ತಾಳಿ, ಬಿಳಿ ಸುಣ್ಣಕಲ್ಲು, ಥೇಟ್ ನಮ್ಮ ಬಳ್ಳಾರಿ ಕಡೆ ಹೊಲದ ಬೇಲಿ ನೋಡಿದಂಗ (ಈ ಎರಡೂ ಗಿಡಕ್ಕ ಅಮೆರಿಕಾ ಖಂಡನ ತವರುಮನಿ, ನಮ್ಮಲ್ಲಿಗೆ ಆಮ್ಯಾಲ ಬಂದಾವ). ಅಲ್ಲೇ ಬ್ಯಾಸರಾಗಿ ತಿರುಗಬ್ಯಾಡ್ರಿ.

ಆನೆಗೊಂದಿ ನೆನಸ್ಕೊಳ್ರಿ. ಹೊಳಿ ದಂಡಿಗೆ ಬಾಳಿ ತ್ವಾಟ, ನಾಕು ಹೆಜ್ಜಿ ಮ್ಯಾಲ ಏರಿದ್ರ ಬರೇ ಬಂಡಿಗಲ್ಲು. ಅಲ್ಲೂ ಹಂಗ, ಕಣಿವಿ ಒಳಗ ಒಂದು ಹಳ್ಳ ಐತಿ, ಕೆಲವು ಕಡೆ ನೆಲದಾಗ ಇಂಗಿ ಮತ್ತ ಮುಂದ ಏಳ್ತೈತಿ, ಎರಡೂ ಕಡೆ ಎತ್ತರದ ಕಲ್ಲುಗ್ವಾಡಿ ನೆರಳು. ಹಿಮಯುಗದಾಗ ಆ ಸೀಮಿ ಎಲ್ಲಾ ತಂಪಿತ್ತು, ಆಮ್ಯಾಲ ಒಣಗಿತು, ಎಲಿ ಕೆಂಪಾಗೋ ಆಗಿನ ಮೇಪಲ್ ಗಿಡ ಇಂಥಾ ನೀರು ನೆರಳು ಇದ್ದಲ್ಲಿ ಅಷ್ಟ ಉಳಕೊಂಡಾವ.

ಇನ್ನ ಬಣ್ಣದ ಮಾತು. ನಮ್ಮ ಬೇವು, ತೇಗ ಎಲಿ ಉದುರಸೋದು ಬ್ಯಾಸಿಗಿ ಮುಂದ, ನೀರು ಸಾಲದ್ಕ. ಅಲ್ಲಿ ಹಗಲು ಸಣ್ಣದಾಗಿ ಚಳಿ ಬೀಳೋದ್ಕ. ಹಸಿರು ಕರಗಿದ್ರ ಒಳಗ ಮೊದಲೇ ಇದ್ದ ಹಳದಿ ಕಾಣ್ತೈತಿ, ಆದ್ರ ಕೆಂಪು ಹಂಗಲ್ರಿ, ಅದನ್ನ ಎಲಿ ತನ್ನೊಳಗಿನ ಸಕ್ಕರಿಯಿಂದ ಆಗ ಹೊಸದಾಗಿ ಮಾಡ್ಕೊಂತೈತಿ, ಅದಕ್ಕ ಹಗಲು ಚೊಲೋ ಬಿಸಿಲು ಬೇಕು, ರಾತ್ರಿ ತಣ್ಣಗಿರಬೇಕು, ಮರುಭೂಮ್ಯಾಗ ಎರಡೂ ಸಿಗ್ತಾವ. ಅಂದ್ರ ಗಿಡಕ್ಕ ಒಂದು ಹಳ್ಳ ಇದ್ರ ಸಾಕು, ಆ ಮರುಭೂಮಿನ ಬಣ್ಣ ಏರಸ್ತೈತಿ! ಅಕ್ಟೋಬರ್ ಕಡೀ ವಾರದಿಂದ ನವೆಂಬರ್ ನಡುವಿನತನಕ ನೋಡೋ ಹೊತ್ತು, ವರ್ಷಕ್ಕ ಸ್ವಲ್ಪ ಹಿಂದ ಮುಂದ ಆಗ್ತೈತಿ.

ದಾರಿ ಬಾಳ ಏರಿಲ್ಲ, ಆದ್ರ ಉಂಡಗಲ್ಲು ಜಾಸ್ತಿ, ಹಳ್ಳ ದಾಟಬೇಕು, ಚಪ್ಪಲಿ ನಡೆಯಂಗಿಲ್ಲ, ಗಟ್ಟಿ ಶೂ ಹಾಕ್ಕೊಳ್ರಿ. ಪ್ರಾಟ್ ಅವರ ಮನಿತನಕ ಹೋಗಿ ಬರಾಕ ಸುಮಾರು 8 ಕಿ.ಮೀ. ವಾಲೇಸ್ ಪ್ರಾಟ್ ಅಂತ ಭೂವಿಜ್ಞಾನಿ, ಕಣಿವ್ಯಾಗಿನ ತಮ್ಮ ಜಮೀನು ಸರ್ಕಾರಕ್ಕ ದಾನ ಕೊಟ್ರು, 1972ರಾಗ ಅದೂ ಸೇರಿ ಗ್ವಾಡಲೂಪ್ ಬೆಟ್ಟದ ರಾಷ್ಟ್ರೀಯ ಉದ್ಯಾನ ಆತು. ಗ್ವಾಡಿ ಅಷ್ಟ ಅಲ್ಲ, ಮನಿ ಮ್ಯಾಲಿನ ಹೊದಿಕಿನೂ ಕಲ್ಲಿಂದ ಐತಿ. ಮೊಣಕಾಲು ಒಪ್ಪಿದ್ರ ಗ್ರಾಟೊ ಅನ್ನೋ ಗವಿತನಕ ಹೋಗ್ರಿ, ಒಟ್ಟು 11 ಕಿ.ಮೀ. ಆಗ್ತೈತಿ. ಆ ಹಾದ್ಯಾಗ ನೀರು ಎಷ್ಟು ತಿಳಿ ಅಂದ್ರ, ಮಗುವಿನ ಅಂಗೈಯಷ್ಟು ಕೆಂಪು ಎಲಿ ತೇಲಿ ಹೊಂಟ್ರ ಅದರ ನೆರಳು ತಳದ ಬಿಳಿ ಕಲ್ಲಿನ ಮ್ಯಾಲ ಕೂಡೇ ಹೋಗ್ತಿತ್ತು, ನಾನು ಬುತ್ತಿ ಬಿಚ್ಚೋದು ಬಿಟ್ಟು ಅದನ್ನ ನೋಡ್ಕೊಂತ ಕುಂತಿದ್ದೆ. ಹಳ್ಳಕ್ಕ ಕಾಲು ಮಾತ್ರ ಇಳಿಬಿಡಬ್ಯಾಡ್ರಿ, ಅಲ್ಲಿ ಬಿಡಂಗಿಲ್ಲ.

ಉದ್ಯಾನದೊಳಗ ಹೋಟೆಲ್ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಳ್ರಿ, ತಲಿಗೆ ಮೂರ್ನಾಕು ಲೀಟರ್ ನೀರು. ಶನಿವಾರ ಭಾನುವಾರ ಪಾರ್ಕಿಂಗ್ ತುಂಬಿಬಿಡ್ತೈತಿ, ನಡುವಿನ ದಿನ ನೋಡ್ರಿ. ಮತ್ತ ಅಳಿಯಂದ್ರಿಗೆ ಹೇಳ್ರಿ, ಅಲ್ಲಿ ಗಡಿಯಾರ ಡಲ್ಲಾಸ್‌ಕಿಂತ ಒಂದು ತಾಸು ಹಿಂದ, ಸಂಜಿಗೆ ಗೇಟ್ ಹಾಕ್ತಾರ, ಅದರ ಲೆಕ್ಕ ಇಟ್ಕೊಂಡು ತಿರುಗಿ ಬರ್ರಿ.