ಜಹೀರಾಬಾದಿಗೆ ಎಸ್‌ಟಿಡಿ, ಬೆಂಗಳೂರಿಗೆ ಲೋಕಲ್

ಬೀದರಿನಿಂದ ಗಡಿಯಾಚೆ ತೆಲಂಗಾಣದ ಜಹೀರಾಬಾದಿಗೆ ಸುಮಾರು 30 ಕಿಲೋಮೀಟರ್. ಬೆಂಗಳೂರಿಗೆ ಹೆಚ್ಚುಕಡಿಮೆ 700. ಆದರೂ ಇಪ್ಪತ್ತು ವರ್ಷಗಳ ಹಿಂದೆ ಬೀದರಿನಲ್ಲಿ ಕೊಂಡ ಸಿಮ್ಮಿನಿಂದ ಬೇರೊಂದು ಮೊಬೈಲಿಗೆ ಕರೆ ಮಾಡಿದವರಿಗೆ ಬೆಂಗಳೂರು ‘ಲೋಕಲ್’ ಆಗಿತ್ತು, ಜಹೀರಾಬಾದು ‘ಎಸ್‌ಟಿಡಿ’, ಅಂದರೆ ದೂರದ ಕರೆ, ಆಗಿತ್ತು. ಬಸ್ಸಿನಲ್ಲಿ ಒಂದು ತಾಸಿನಲ್ಲಿ ಮುಟ್ಟಬಹುದಾದ ಬೀಗರ ಊರಿಗೆ ಹೆಚ್ಚಿನ ದರ, ಒಂದು ರಾತ್ರಿ ಪ್ರಯಾಣ ಮಾಡಿ ಸೇರಬೇಕಾದ ರಾಜಧಾನಿಗೆ ಕಡಿಮೆ ದರ. ಇಂದು ಯಾವ ಪ್ಯಾಕಿನ ವಿವರ ತೆಗೆದು ಓದಿದರೂ ‘ಲೋಕಲ್, ಎಸ್‌ಟಿಡಿ, ರೋಮಿಂಗ್ ಅನ್‌ಲಿಮಿಟೆಡ್’ ಎಂಬ ಮೂರು ಪದಗಳು ಜೊತೆಜೊತೆಯಾಗಿಯೇ ಬರುತ್ತವೆ. ದರದಲ್ಲಿ ವ್ಯತ್ಯಾಸವೇ ಇಲ್ಲದಿರುವಾಗ ಮೂರು ಹೆಸರುಗಳೇಕೆ ಎಂದು ಈಗಿನ ಹುಡುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ಕಲಬುರಗಿ, ಬೀದರ, ಯಾದಗಿರಿಗಳಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಬೇರೆ ಸಿಗುವುದು ಕಷ್ಟ, ಏಕೆಂದರೆ ಈ ಪದಗಳ ಹಿಂದಿದ್ದ ಗೆರೆಗಳು ಈ ಸೀಮೆಯ ಮನೆ ಬಾಗಿಲಿನ ಮುಂದೆಯೇ ಹಾದು ಹೋಗಿದ್ದವು.

ಮೊದಲು ದೂರಕ್ಕೂ ದರಕ್ಕೂ ನಿಜವಾದ ಸಂಬಂಧವಿತ್ತು. ಟ್ರಂಕ್ ಕಾಲ್ ಕಾಲದಲ್ಲಿ ಪರಊರಿನ ಕರೆ ಎಂದರೆ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರರು ಊರಿಂದೂರಿಗೆ ತಂತಿಯನ್ನು ಕೈಯಿಂದ ಜೋಡಿಸಿಕೊಡುವ ಕೆಲಸ. ಬೆಳಿಗ್ಗೆ ಬುಕ್ ಮಾಡಿದರೆ ಮಧ್ಯಾಹ್ನವೋ ಸಂಜೆಯೋ ಗಂಟೆ ಬಾರಿಸುತ್ತಿತ್ತು. ಅವಸರವಿದ್ದವರು ‘ಅರ್ಜೆಂಟ್’ ಎಂದು, ಇನ್ನೂ ಅವಸರವಿದ್ದವರು ‘ಲೈಟ್ನಿಂಗ್’ ಎಂದು ಹೇಳಿ ಹಲವು ಪಟ್ಟು ಹಣ ತೆರಬೇಕಾಗಿತ್ತು. ಆಪರೇಟರರ ನೆರವಿಲ್ಲದೆ ಗ್ರಾಹಕರೇ ನೇರವಾಗಿ ಪರಊರಿನ ಸಂಖ್ಯೆಯನ್ನು ತಿರುಗಿಸುವ ವ್ಯವಸ್ಥೆ ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರಗಳ ನಡುವೆ. ‘ಸಬ್‌ಸ್ಕ್ರೈಬರ್ ಟ್ರಂಕ್ ಡಯಲಿಂಗ್’ ಎಂಬ ಅದರ ಹೆಸರಿನ ಮೂರು ಮೊದಲಕ್ಷರಗಳೇ ಎಸ್‌ಟಿಡಿ. ಪರಊರಿನ ಟ್ರಂಕ್ ಕರೆಯನ್ನು ಗ್ರಾಹಕನೇ ಡಯಲ್ ಮಾಡುತ್ತಾನೆ ಎಂಬುದಷ್ಟೇ ಅದರ ಅರ್ಥ.

ಎಸ್‌ಟಿಡಿಗಾಗಿ ದೇಶವನ್ನು ಸುಮಾರು ತಾಲ್ಲೂಕಿನಷ್ಟು ವಿಸ್ತಾರದ ಎರಡೂವರೆ ಸಾವಿರಕ್ಕೂ ಹೆಚ್ಚು ದರ ಪ್ರದೇಶಗಳನ್ನಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಕೋಡ್ ಕೊಡಲಾಯಿತು. ಕಲಬುರಗಿಗೆ 08472, ಯಾದಗಿರಿಗೆ 08473, ಬೀದರಿಗೆ 08482. ಪ್ರದೇಶದ ಒಳಗಿನ ಕರೆ ಲೋಕಲ್, ಹೊರಗಿನದು ಎಸ್‌ಟಿಡಿ. ಎರಡು ಪ್ರದೇಶಗಳ ಕೇಂದ್ರ ಊರುಗಳ ನಡುವೆ ಕಾಗೆ ಹಾರಿದಷ್ಟು ನೇರ ದೂರವನ್ನು ಅಳೆದು, ಅದು 50 ಕಿಲೋಮೀಟರಿನ ಒಳಗಿದೆಯೋ, 200ರ ಒಳಗೋ, 500ರ ಒಳಗೋ, 1000ದ ಆಚೆಗೋ ಎಂದು ನೋಡಿ ದರದ ಮೆಟ್ಟಿಲನ್ನು ನಿಗದಿಪಡಿಸುತ್ತಿದ್ದರು. ಇದರಲ್ಲಿ ರಾಜ್ಯದ ಗಡಿಗೆ ದೊಡ್ಡ ಪಾತ್ರವಿರಲಿಲ್ಲ. ಕಲಬುರಗಿಯಿಂದ ನೋಡಿದರೆ ಬೆಂಗಳೂರಿಗಿಂತ ಸೋಲಾಪುರ ಅಗ್ಗವಾಗಿತ್ತು, ಹೈದರಾಬಾದೂ ಅಗ್ಗವಾಗಿತ್ತು. ಭೂಗೋಳಕ್ಕೆ ಅದು ಸರಿಯಾಗಿಯೂ ಇತ್ತು.

ಆ ಮೆಟ್ಟಿಲುಗಳನ್ನು ಜನ ಕಣ್ಣಾರೆ ಕಂಡದ್ದು ಹಳದಿ ಬೋರ್ಡಿನ ಸಾರ್ವಜನಿಕ ಫೋನ್ ಬೂತುಗಳಲ್ಲಿ. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಧೂಳು, ಸೆಕೆ ತಾಳುವ ಸ್ವದೇಶಿ ಎಕ್ಸ್‌ಚೇಂಜುಗಳನ್ನು ರೂಪಿಸಿದ ಮೇಲೆ, ಅದರ ಹಿಂದಿದ್ದ ತಂತ್ರಜ್ಞ ಸ್ಯಾಮ್ ಪಿತ್ರೋಡಾ ಅವರ ಕಾಲದ ಆ ವಿಸ್ತರಣೆಯ ಫಲವಾಗಿ, ‘ಎಸ್‌ಟಿಡಿ ಐಎಸ್‌ಡಿ ಪಿಸಿಓ’ ಎಂಬ ಬೋರ್ಡು ಸಣ್ಣ ಊರುಗಳ ಬಸ್ ನಿಲ್ದಾಣಗಳಿಗೂ ಬಂತು. ಕಲಬುರಗಿಯ ನೆಹರು ಗಂಜಿನ ಬೂತೊಂದನ್ನು ನೆನಪಿಸಿಕೊಳ್ಳಿ: ಪ್ಲೈವುಡ್ಡಿನ ಪೆಟ್ಟಿಗೆಯಂಥ ಕೋಣೆ, ಗಾಜಿನ ಬಾಗಿಲು, ತಲೆಯ ಮೇಲೆ ಬಿಸಿಗಾಳಿಯನ್ನೇ ತಿರುಗಿಸುವ ಪುಟ್ಟ ಫ್ಯಾನು, ಗಾಜಿನಾಚೆ ಕೆಂಪು ಅಂಕಿಗಳ ಮೀಟರು. ತೊಗರಿಯ ಹಂಗಾಮಿನಲ್ಲಿ ಅಡತಿಯವರು ಲಾತೂರಿನ ಧಾರಣೆ ಕೇಳಲು ಒಳಗೆ ಹೋದರೆ, ಕಣ್ಣು ಮೀಟರಿನ ಮೇಲೆ, ಕಿವಿ ರಿಸೀವರಿನ ಮೇಲೆ. ಮೀಟರು ಓಡುತ್ತಿದ್ದದ್ದು ಪಲ್ಸ್ ಲೆಕ್ಕದಲ್ಲಿ. ಒಂದು ಪಲ್ಸಿನ ಬೆಲೆ ಒಂದೇ, ದೂರ ಹೆಚ್ಚಿದಂತೆ ಅದು ಹಿಡಿದಿಡುವ ಸೆಕೆಂಡುಗಳು ಕಡಿಮೆ. ಅಂದರೆ ಲಾತೂರಿಗೆ ನಿಧಾನವಾಗಿ ನಡೆಯುತ್ತಿದ್ದ ಅಂಕಿಗಳು ದಿಲ್ಲಿಗೆ ಓಡುತ್ತಿದ್ದವು. ರಾತ್ರಿ ಹೊತ್ತೇರಿದಂತೆ ದರ ಅರ್ಧಕ್ಕೆ, ಕಾಲಿಗೆ ಇಳಿಯುತ್ತಿದ್ದುದರಿಂದ, ಮುಂಬೈಗೆ ದುಡಿಯಲು ಹೋದ ಮಗನೊಡನೆ ಮಾತಾಡುವ ತಾಯಂದಿರು ಊಟ ಮುಗಿಸಿ, ಸೆರಗಿನಲ್ಲಿ ಚಿಲ್ಲರೆ ಕಟ್ಟಿಕೊಂಡು ಸರದಿಯಲ್ಲಿ ನಿಲ್ಲುತ್ತಿದ್ದರು.

ಗೆರೆಗಳ ಸ್ವರೂಪವನ್ನೇ ಬದಲಿಸಿದ್ದು ಮೊಬೈಲ್. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಸೇವೆ ಆರಂಭವಾಯಿತು. ಸರ್ಕಾರ ಪರವಾನಗಿಗಳನ್ನು ಕೊಟ್ಟದ್ದು ಮಹಾನಗರಗಳಿಗೆ ಮತ್ತು ‘ಸರ್ಕಲ್’ಗಳಿಗೆ. ಸರ್ಕಲ್ ಎಂದರೆ ಬಹುತೇಕ ಒಂದು ರಾಜ್ಯ. ಒಂದು ಸರ್ಕಲ್ಲಿನ ಪರವಾನಗಿ ಪಡೆದ ಕಂಪನಿಗೆ ಆ ಸರ್ಕಲ್ಲಿನೊಳಗೆ ಎಲ್ಲಿಂದ ಎಲ್ಲಿಗಾದರೂ ಕರೆಯನ್ನು ತನ್ನದೇ ಜಾಲದಲ್ಲಿ ಒಯ್ಯುವುದು ಸಾಧ್ಯವಿತ್ತು. ಸರ್ಕಲ್ ದಾಟಿಸಬೇಕಾದರೆ ರಾಷ್ಟ್ರೀಯ ದೂರವಾಹಕ ಸಂಸ್ಥೆಗೆ ಸಾಗಣೆಯ ಶುಲ್ಕ ಕೊಟ್ಟು, ಆಚೆ ಕಡೆಯ ಕಂಪನಿಗೆ ಕರೆ ಮುಟ್ಟಿಸಿದ್ದಕ್ಕೆ ಇನ್ನೊಂದು ಶುಲ್ಕ ಕೊಡಬೇಕಾಗಿತ್ತು. ಹೀಗೆ ಮೊಬೈಲ್ ಕರೆಯಲ್ಲಿ ಲೋಕಲ್ ಎಂಬುದು ಕ್ರಮೇಣ ‘ಅದೇ ಸರ್ಕಲ್’ ಎಂದೂ ಎಸ್‌ಟಿಡಿ ಎಂಬುದು ‘ಬೇರೆ ಸರ್ಕಲ್’ ಎಂದೂ ಆಯಿತು. ಕಿಲೋಮೀಟರುಗಳು ಲೆಕ್ಕದಿಂದ ಹೊರಗೆ ಹೋದವು. ನಮ್ಮ ಸಿಮ್ಮಿನ ಮಿತಿಯನ್ನು ಗೀರಿದವರು ದೂರಸಂಪರ್ಕದ ಎಂಜಿನಿಯರರಲ್ಲ. 1956ರಲ್ಲಿ ಭಾಷಾವಾರು ರಾಜ್ಯಗಳನ್ನು ವಿಂಗಡಿಸಿದವರು.

ಆ ವರ್ಷದ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ ಹೋದವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ನಕಾಶೆ ಹರಿದರೂ ಹೆಣ್ಣು ಕೊಟ್ಟು ತರುವ ವಾಡಿಕೆ, ಸಂತೆ, ಉರುಸು, ಆಸ್ಪತ್ರೆಯ ಓಡಾಟ ಮೊದಲಿನಂತೆಯೇ ನಡೆದುಕೊಂಡು ಬಂದವು. ಬಸವಕಲ್ಯಾಣದವರಿಗೆ ಉಮರ್ಗಾ, ಆಳಂದ ಮತ್ತು ಅಫಜಲಪುರದವರಿಗೆ ಅಕ್ಕಲಕೋಟ, ಗುರುಮಠಕಲ್ಲಿನವರಿಗೆ ನಾರಾಯಣಪೇಟೆ ಪರದೇಶವಾಗಿ ಯಾವತ್ತೂ ಕಂಡಿರಲಿಲ್ಲ. ಮೊಬೈಲ್ ಬಿಲ್ಲು ಮಾತ್ರ ಅವನ್ನು ಹೊರಗಿನ ಊರುಗಳೆಂದು ಬರೆಯತೊಡಗಿತು. ಸಂಖ್ಯೆ ನೋಡಿಯೇ ಜನ ಸರ್ಕಲ್ ಗುರುತಿಸುವುದನ್ನು ಕಲಿತರು: ಬಿಎಸ್‌ಎನ್‌ಎಲ್‌ನ 9448 ಆದರೆ ನಮ್ಮದು, 9440 ಆದರೆ ಆಂಧ್ರ, 9422 ಆದರೆ ಮಹಾರಾಷ್ಟ್ರ. ಹೊರಗಿನ ಸಂಖ್ಯೆಗೆ ಮುಂದೊಂದು ಸೊನ್ನೆ ಹಚ್ಚಬೇಕಿತ್ತು. ಡೈರಿಯಲ್ಲಿ ಬೀಗರ ಹೆಸರಿನ ಮುಂದೆ ಆ ಸೊನ್ನೆಯನ್ನೂ ಸೇರಿಸಿಯೇ ಬರೆದಿಡುತ್ತಿದ್ದರು.

ರೋಮಿಂಗ್ ಎಂಬುದು ಇದರ ಮಗ್ಗುಲು ಬದಲಿಸಿದ ರೂಪ. ಎಸ್‌ಟಿಡಿಯಲ್ಲಿ ಕರೆ ಗಡಿ ದಾಟುತ್ತದೆ. ರೋಮಿಂಗಿನಲ್ಲಿ ಫೋನೇ ಗಡಿ ದಾಟುತ್ತದೆ. ಬೇರೆ ಸರ್ಕಲ್ಲಿನ ಟವರು ಹಿಡಿದ ಫೋನಿಗೆ ಯಾರಾದರೂ ಕರೆ ಮಾಡಿದರೆ, ಮಾಡಿದವರು ತಮ್ಮೂರಿನ ದರವನ್ನಷ್ಟೇ ಕೊಡುತ್ತಿದ್ದರು. ಅಲ್ಲಿಂದ ಮುಂದೆ ಗಡಿಯಾಚೆಗೆ ಆ ಕರೆಯನ್ನು ಒಯ್ಯುವ ವೆಚ್ಚ ಫೋನು ಎತ್ತಿದವರ ತಲೆಗೆ ಬರುತ್ತಿತ್ತು. ಒಳಬರುವ ಕರೆಗೂ ಹಣ ಕಡಿತವಾಗುತ್ತಿದ್ದುದರ ಕಾರಣ ಇದು.

ಇದರ ಅತಿ ವಿಚಿತ್ರ ರೂಪವನ್ನು ಯಾದಗಿರಿಯವರು ರೈಲಿನಲ್ಲಿ ಅನುಭವಿಸಿದ್ದಾರೆ. ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿ ಬಿಟ್ಟು ಸೈದಾಪುರ ದಾಟಿದ ಮೇಲೆ ಕೃಷ್ಣಾ ನಿಲ್ದಾಣದ ಬಳಿ ಆಂಧ್ರ ಸರ್ಕಲ್ಲಿಗೆ ಹೋಗುತ್ತದೆ, ನದಿ ದಾಟಿ ರಾಯಚೂರಿನಲ್ಲಿ ಮತ್ತೆ ಕರ್ನಾಟಕ, ತುಸು ಹೊತ್ತಿಗೆ ಮಂತ್ರಾಲಯಂ ರೋಡ್, ಆದೋನಿ, ಗುಂತಕಲ್ಲು, ಅಲ್ಲಿಂದ ಹಿಂದೂಪುರದವರೆಗೂ ಮತ್ತೆ ಆಂಧ್ರ. ಕರ್ನಾಟಕದಿಂದ ಕರ್ನಾಟಕಕ್ಕೆ ಟಿಕೆಟು ತೆಗೆದವನ ಜೇಬಿನಲ್ಲಿ ಫೋನು ದಾರಿಯುದ್ದಕ್ಕೂ ಸ್ವಾಗತದ ಮೆಸೇಜುಗಳನ್ನು ಪಡೆಯುತ್ತ, ಗುಳೆ ಹೊರಟ ಕೂಲಿಕಾರನ ಹತ್ತು ರೂಪಾಯಿಯ ಟಾಪ್‌ಅಪ್ಪನ್ನು ಎರಡು ಮಾತಿಗೆ ಮುಗಿಸುತ್ತಿತ್ತು. ‘ರೋಮಿಂಗನ್ಯಾಗ ಇದ್ದೀನಿ, ಕರೆನ್ಸಿ ಕಟ್ಟಾಗ್ಲತ್ತದ, ಇಡು’ ಎನ್ನುವ ಕೂಗು ಆ ಬೋಗಿಗಳಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದು ಕೇಳಿಸಿದರೆ ಗಾಡಿ ಗಡಿ ದಾಟಿತೆಂದು ತಿಳಿಯಬಹುದಿತ್ತು. ಗಡಿಯ ಹಳ್ಳಿಗಳಲ್ಲಂತೂ ಮನೆಯಿಂದ ಕದಲದೆಯೇ ರೋಮಿಂಗ್ ಆಗುವುದಿತ್ತು. ಮಾಳಿಗೆ ಏರಿದರೆ ಆಚೆ ರಾಜ್ಯದ ಟವರು, ಇಳಿದರೆ ನಮ್ಮದು. ಟವರಿಗೆ ರಾಜ್ಯಭಕ್ತಿ ಇರುವುದಿಲ್ಲ.

ಈ ಗೆರೆಗಳು ಅಳಿಸಿದ್ದು ಒಮ್ಮೆಗೇ ಅಲ್ಲ, ಒಂದೊಂದಾಗಿ. 2000ದ ಆಗಸ್ಟಿನಲ್ಲಿ ರಾಷ್ಟ್ರೀಯ ದೂರದ ಕರೆಗಳ ವ್ಯಾಪಾರ ಖಾಸಗಿಯವರಿಗೆ ತೆರೆಯಿತು. ವಿದೇಶದ ಕರೆಗಳಲ್ಲಿ ಸರ್ಕಾರ ಸ್ಥಾಪಿಸಿದ್ದ ವಿಎಸ್‌ಎನ್‌ಎಲ್ ಕಂಪನಿಗಿದ್ದ ಏಕಸ್ವಾಮ್ಯ 2002ರಲ್ಲಿ ಮುಗಿಯಿತು. 2003ರ ಮೇ 1ರಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಯಾಗಿ, ತಮ್ಮ ಸರ್ಕಲ್ಲಿನಲ್ಲಿ ಒಳಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ಎಂಬ ಕಲೆ ಬೆಳೆದದ್ದು ಇದರ ಬೆನ್ನಿಗೇ. 2006ರ ಮಾರ್ಚ್ 1ರಂದು ಬಿಎಸ್‌ಎನ್‌ಎಲ್ ಮತ್ತು ದಿಲ್ಲಿ, ಮುಂಬೈಗಳ ಸರ್ಕಾರಿ ದೂರವಾಣಿ ಕಂಪನಿ ಎಂಟಿಎನ್‌ಎಲ್ ‘ಒನ್ ಇಂಡಿಯಾ’ ಯೋಜನೆಯನ್ನು ತಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದವು. ಇದು ಕೇವಲ ಔದಾರ್ಯವಲ್ಲ. ತಾಮ್ರದ ತಂತಿಯ ಜಾಗಕ್ಕೆ ಆಪ್ಟಿಕಲ್ ಫೈಬರ್ ಬಂದ ಮೇಲೆ ಕರೆಯೊಂದನ್ನು 50 ಕಿಲೋಮೀಟರ್ ಒಯ್ಯುವುದಕ್ಕೂ 2000 ಕಿಲೋಮೀಟರ್ ಒಯ್ಯುವುದಕ್ಕೂ ವೆಚ್ಚದಲ್ಲಿ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ದರಪಟ್ಟಿ ತಡವಾಗಿ ಆ ಸತ್ಯವನ್ನು ಒಪ್ಪಿಕೊಂಡಿತು, ಅಷ್ಟೇ. 2009ರಲ್ಲಿ ಸೆಕೆಂಡಿನ ಲೆಕ್ಕ ಬಂದು, ಕರೆಯ ದರ ಇಳಿಸುವ ‘ರೇಟ್ ಕಟರ್’ ರೀಚಾರ್ಜ್ ಹಾಕಿಸುವ ಕಾಲ ನಡೆಯಿತು.

ರೋಮಿಂಗ್ ಮಾತ್ರ ಹಟಮಾರಿಯಾಗಿತ್ತು. 2012ರ ರಾಷ್ಟ್ರೀಯ ದೂರಸಂಪರ್ಕ ನೀತಿ ದೇಶಕ್ಕೆಲ್ಲ ಒಂದೇ, ಉಚಿತ ರೋಮಿಂಗ್ ಎಂಬ ಗುರಿಯನ್ನು ಹೇಳಿದರೂ, 2015ರ ಮೇ 1ರಿಂದ ಜಾರಿಯಾದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮಿತಿಗಳಲ್ಲಿ ಕೂಡ ರೋಮಿಂಗಿನಲ್ಲಿ ಒಳಬರುವ ಕರೆಗೆ ನಿಮಿಷಕ್ಕೆ 45 ಪೈಸೆಯವರೆಗೆ, ಹೊರಹೋಗುವ ಲೋಕಲ್ ಕರೆಗೆ 80 ಪೈಸೆಯವರೆಗೆ, ಎಸ್‌ಟಿಡಿಗೆ 1 ರೂಪಾಯಿ 15 ಪೈಸೆಯವರೆಗೆ ಅವಕಾಶವಿತ್ತು. ಅದೇ ವರ್ಷದ ಜುಲೈನಲ್ಲಿ ಸರ್ಕಲ್ ಬದಲಿಸಿದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳುವ ಅವಕಾಶ ಬಂತು. ಸಂಖ್ಯೆ ನೋಡಿ ಊರು ಹೇಳುವ ವಿದ್ಯೆ ಅಲ್ಲಿಗೆ ಕೆಲಸಕ್ಕೆ ಬಾರದಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಧ್ವನಿಯನ್ನೂ ಡೇಟಾದಂತೆಯೇ ಸಾಗಿಸುವ ಜಾಲದಲ್ಲಿ ಕರೆಗೆ ಬೇರೆ ದರವೇ ಇಲ್ಲವೆಂದಾಗ ಉಳಿದ ಕಂಪನಿಗಳೂ ದಿನಗಳ ಲೆಕ್ಕದ ಪ್ಯಾಕಿಗೆ ಇಳಿದವು. ಒಂದು ಕಂಪನಿಯ ಕರೆಯನ್ನು ಇನ್ನೊಂದು ಕಂಪನಿ ಮುಟ್ಟಿಸಿಕೊಟ್ಟದ್ದಕ್ಕೆ ಪಡೆಯುತ್ತಿದ್ದ ಶುಲ್ಕ 2015ರಲ್ಲಿ 14 ಪೈಸೆ, 2017ರ ಅಕ್ಟೋಬರಿನಲ್ಲಿ 6 ಪೈಸೆ, 2021ರ ಜನವರಿ 1ರಂದು ಸೊನ್ನೆ.

ಹಾಗಾದರೆ ಈಗ ಏನೂ ಉಳಿದಿಲ್ಲವೇ? ಒಂದು ಗೆರೆ ಗಟ್ಟಿಯಾಗಿಯೇ ಇದೆ. ಪ್ಯಾಕಿನ ‘ಅನ್‌ಲಿಮಿಟೆಡ್’ ಭಾರತದ ಗಡಿಗೆ ಮುಗಿಯುತ್ತದೆ. ಸೌದಿಯ 966, ದುಬೈಯ 971ರಂಥ ಕೋಡುಗಳಿಗೆ ಮಾಡುವ ಕರೆ ಐಎಸ್‌ಡಿ. ಅದಕ್ಕೆ ಬೇರೆ ಬ್ಯಾಲೆನ್ಸ್ ಅಥವಾ ಬೇರೆ ಪ್ಯಾಕು ಬೇಕು. ಕಾರಣ ಮತ್ತೆ ಅದೇ ಮುಟ್ಟಿಸುವ ಶುಲ್ಕ: ದೇಶದೊಳಗೆ ಅದು ಸೊನ್ನೆಯಾದರೂ, ಆಚೆ ದೇಶದ ಕಂಪನಿ ತನ್ನ ಜಾಲಕ್ಕೆ ಬರುವ ಕರೆಗೆ ಎಷ್ಟು ಕೇಳುತ್ತದೆ ಎಂಬುದು ನಮ್ಮ ಟ್ರಾಯ್ ಕೈಯಲ್ಲಿಲ್ಲ. ಐಎಸ್‌ಡಿಯನ್ನೂ ಅಂತರರಾಷ್ಟ್ರೀಯ ರೋಮಿಂಗನ್ನೂ ಜನ ಬಹಳ ಸಲ ಒಂದೇ ಎಂದುಕೊಳ್ಳುತ್ತಾರೆ. ಕಲಬುರಗಿಯಲ್ಲಿ ಕೂತು ಜೆಡ್ಡಾಕ್ಕೆ ಮಾಡುವುದು ಐಎಸ್‌ಡಿ. ಕಲಬುರಗಿಯ ಸಿಮ್ಮನ್ನು ಹಜ್ ಯಾತ್ರೆಗೆ ಒಯ್ದು ಅಲ್ಲಿ ಆನ್ ಮಾಡುವುದು ಅಂತರರಾಷ್ಟ್ರೀಯ ರೋಮಿಂಗ್. ಎರಡನೆಯದರಲ್ಲಿ, ಹಿಂದೆ ಕೃಷ್ಣಾ ನಿಲ್ದಾಣದಲ್ಲಿ ಆಗುತ್ತಿದ್ದಂತೆಯೇ, ಮನೆಯಿಂದ ಬಂದ ಕರೆ ಎತ್ತಿದರೂ ಹಣ ಹೋಗಬಹುದು. ವಾಟ್ಸ್‌ಆ್ಯಪ್ ಕರೆ ಇರುವಾಗ ಇದೆಲ್ಲ ಯಾಕೆ ಎನ್ನುವವರು ದುಬೈಗೆ ಹೋದವರನ್ನು ಕೇಳಬೇಕು. ಅಲ್ಲಿ ಅಂಥ ಇಂಟರ್ನೆಟ್ ಕರೆಗಳ ಮೇಲೆ ನಿರ್ಬಂಧಗಳಿವೆ.

ಸರ್ಕಲ್ಲುಗಳೂ ಕಾಗದದಲ್ಲಿ ಹಾಗೆಯೇ ಇವೆ. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದರೂ ಮೊಬೈಲ್ ಪರವಾನಗಿಯ ನಕಾಶೆಯಲ್ಲಿ ಜಹೀರಾಬಾದು ಇಂದಿಗೂ ಆಂಧ್ರಪ್ರದೇಶ ಸರ್ಕಲ್ಲಿಗೇ ಸೇರಿದೆ. ತರಂಗಾಂತರದ ಹರಾಜು ನಡೆಯುವುದೂ ಸರ್ಕಲ್ಲುಗಳ ಲೆಕ್ಕದಲ್ಲೇ. ಬಿಲ್ಲಿನಲ್ಲಿ ಮಾತ್ರ ಅದು ಕಾಣುವುದಿಲ್ಲ.

ಹಿಂದೆ ಹೊರಗಿನ ಸಂಖ್ಯೆಯ ಮುಂದೆ ಹಚ್ಚುತ್ತಿದ್ದ ಆ ಸೊನ್ನೆಯೂ ಒಂದು ರೀತಿಯಲ್ಲಿ ಮರಳಿ ಬಂದಿದೆ. ಹೊಸ ಸಂಖ್ಯೆಗಳಿಗೆ ಜಾಗ ಮಾಡಿಕೊಳ್ಳಲು 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲಿಗೆ ಕರೆ ಮಾಡುವಾಗಲೂ ಮೊದಲು 0 ಒತ್ತಬೇಕೆಂಬ ನಿಯಮ ಬಂದಿದೆ. ಗಂಜಿನ ಅಂಗಡಿಯ ಗದ್ದುಗೆಯ ಪಕ್ಕದಲ್ಲಿ ಇನ್ನೂ ಉಳಿದಿರುವ ಸ್ಥಿರ ದೂರವಾಣಿಯಿಂದ ಈಗ ಲಾತೂರಿನ ದಲಾಲನಿಗೂ ಸೊನ್ನೆ ಹಚ್ಚಬೇಕು, ಎದುರಿನ ಸಾಲಿನ ಹಮಾಲನ ಮೊಬೈಲಿಗೂ ಸೊನ್ನೆ ಹಚ್ಚಬೇಕು.